ಆರು ಮಕ್ಕಳು, ಒಂದು ಜಮಖಾನ, ನಲವತ್ತು ನಿಮಿಷ: ಪ್ರಾಥಮಿಕ ಶಾಲೆಯಲ್ಲಿ ಮನಸ್ಸಿನ ಆರೈಕೆಗೆ ಗುಂಪು ಕಟ್ಟುವ ಬಗೆ

ಮಕ್ಕಳನ್ನು ಐದೈದರಂತೆ ಕೂರಿಸಿ ಚಾರ್ಟ್ ಬರೆಸುವುದೂ ಗುಂಪು ಚಟುವಟಿಕೆಯೇ. ಆದರೆ ಇಲ್ಲಿ ಹೇಳಹೊರಟಿರುವುದು ಬೇರೆ ಬಗೆಯ ಗುಂಪು: ಅವೇ ಆರು ಮಕ್ಕಳು, ವಾರದ ಅದೇ ದಿನ, ಅದೇ ಹೊತ್ತು, ಅದೇ ಜಮಖಾನದ ಮೇಲೆ 12 ವಾರ ಕೂಡುವುದು. ಸರದಿ ಕಾಯುವುದು, ಸೋತರೂ ಆಟ ಬಿಟ್ಟು ಹೋಗದಿರುವುದು, ಠೂ ಬಿಟ್ಟವರ ಜೊತೆ ಮತ್ತೆ ಮಾತು ಶುರುಮಾಡುವುದು, ಒಳಗೆ ಏನಾಗುತ್ತಿದೆ ಎಂದು ಬಾಯಿಬಿಟ್ಟು ಹೇಳುವುದು – ಇವನ್ನು ಬೋರ್ಡಿನ ಮೇಲೆ ಬರೆದು ಕಲಿಸಲಾಗದು. ಮುಂದಿನ ವಾರವೂ ಇವರ ಮುಖವನ್ನೇ ನೋಡಬೇಕು ಎಂದು ಗೊತ್ತಿರುವಾಗ ಮಕ್ಕಳು ಇದನ್ನೆಲ್ಲ ತಾವಾಗಿ ಕಲಿಯುತ್ತಾರೆ. ವಠಾರದ ಅಂಗಳ, ಗಾಡಿಗಳಿಲ್ಲದ ಬೀದಿ ಇದ್ದ ಕಾಲದಲ್ಲಿ ಈ ಕಲಿಕೆಗೆ ಯಾರೂ ಏರ್ಪಾಡು ಮಾಡಬೇಕಿರಲಿಲ್ಲ. ಈಗಿನ ಬೆಂಗಳೂರಿನಲ್ಲಿ ಎಷ್ಟೋ ಮಕ್ಕಳಿಗೆ ಅಂಥ ಜಾಗವೆಂದರೆ ಶಾಲೆಯೊಂದೇ.

ಯಾರನ್ನು ಸೇರಿಸಬೇಕು

1–2ನೇ ತರಗತಿಗೆ ನಾಲ್ಕರಿಂದ ಐದು ಮಕ್ಕಳು, 3–5ನೇ ತರಗತಿಗೆ ಆರು. ಎಂಟು ದಾಟಿದರೆ ಸರದಿ ಬರುವಷ್ಟರಲ್ಲಿ ಮಗುವಿನ ತಾಳ್ಮೆ ಮುಗಿದಿರುತ್ತದೆ. ಮೂರಾದರೆ ಇಬ್ಬರು ಜೋಡಿಯಾಗಿ ಒಬ್ಬರು ಹೊರಗುಳಿಯುತ್ತಾರೆ. ವಯಸ್ಸಿನ ಅಂತರ ಒಂದೂವರೆ ವರ್ಷ ಮೀರದಿರಲಿ. ಅಣ್ಣ-ತಂಗಿಯರನ್ನು ಒಂದೇ ಗುಂಪಿಗೆ ಹಾಕಬೇಡಿ, ಮನೆಯ ಜಗಳ ಜಮಖಾನಕ್ಕೆ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು ಒಂದಿದೆ: ತರಗತಿಯಲ್ಲಿ ತಲೆನೋವಾದ ಆರು ಮಕ್ಕಳನ್ನು ಆರಿಸಿ ಒಂದೆಡೆ ಕೂರಿಸುವುದು. ಹಾಗೆ ಕೂಡಿಸಿದ ಮಕ್ಕಳು ಒಬ್ಬರ ಕೀಟಲೆಗೆ ಇನ್ನೊಬ್ಬರು ನಕ್ಕು ಅದನ್ನೇ ಬೆಳೆಸುತ್ತಾರೆ. ಗುಂಪಿನಿಂದ ಒಳಿತಿಗಿಂತ ಕೆಡುಕೇ ಆಗಬಹುದು. ಸ್ವಲ್ಪ ದೊಡ್ಡ ಮಕ್ಕಳ ಗುಂಪುಗಳಲ್ಲಿ ಹೀಗಾಗುವುದನ್ನು ಡಿಷಿಯನ್, ಮೆಕಾರ್ಡ್ ಮತ್ತು ಪೂಲಿನ್ ಎಂಬ ಸಂಶೋಧಕರು 1999ರಲ್ಲೇ ಎಚ್ಚರಿಸಿದ್ದರು. ಆದ್ದರಿಂದ ಬೆರಕೆ ಹೀಗಿರಲಿ: ಬೇಗ ಸಿಟ್ಟಾಗುವ ಮಗು ಒಂದು, ಹೆಚ್ಚೆಂದರೆ ಎರಡು, ಬಾಯೇ ಬಿಡದ ಮಕ್ಕಳು ಎರಡು, ಎಲ್ಲರೊಡನೆ ಹೊಂದಿಕೊಳ್ಳುವ ಮಕ್ಕಳು ಎರಡು. ಈ ಕೊನೆಯ ಇಬ್ಬರನ್ನು ‘ಸಹಾಯಕ್ಕೆ’ ಸೇರಿಸಿದ್ದೇವೆಂದು ಯಾರಿಗೂ ಹೇಳಬೇಡಿ. ಅವರಿಗೂ ಈ ಗುಂಪು ಬೇಕು. ಸದಾ ಹೊಂದಿಕೊಂಡು ಹೋಗುವ ಮಗು ತನಗೆ ಬೇಕಾದ್ದನ್ನು ಕೇಳಲು ಕಲಿತಿರುವುದೇ ಇಲ್ಲ.

ಆರಿಸುವ ಮೊದಲು ತರಗತಿಯ ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಕರೆದು, “ಊಟಕ್ಕೆ ಕೂತಾಗ ಯಾರ ಪಕ್ಕ ಕೂರೋಕೆ ಇಷ್ಟ? ಮೂರು ಹೆಸರು ಹೇಳು” ಎಂದು ಕೇಳಿ ಬರೆದುಕೊಳ್ಳಿ. ಯಾರ ಪಟ್ಟಿಯಲ್ಲೂ ಬರದ ಹೆಸರುಗಳು ಆಗ ಕಣ್ಣಿಗೆ ಬೀಳುತ್ತವೆ. ಅಂಥ ಒಂದು ಮಗು, ಅದು ಹೇಳಿದ ಮೂವರಲ್ಲಿ ಒಬ್ಬರು – ಇಬ್ಬರೂ ಗುಂಪಿನಲ್ಲಿರಲಿ. “ಯಾರನ್ನ ಕಂಡರೆ ಆಗಲ್ಲ?” ಎಂದು ಮಾತ್ರ ಎಂದೂ ಕೇಳಬೇಡಿ. ಮಧ್ಯಾಹ್ನದೊಳಗೆ ಆ ಉತ್ತರ ಇಡೀ ಶಾಲೆಯಲ್ಲಿ ಸುತ್ತಿರುತ್ತದೆ.

ನಮ್ಮ ಸರ್ಕಾರಿ ಶಾಲೆಗಳಲ್ಲಿ 1ರಿಂದ 3ನೇ ತರಗತಿಯ ಮಕ್ಕಳು ನಲಿ-ಕಲಿ ಎಂಬ ಚಟುವಟಿಕೆಯ ಕಲಿಕೆಯಲ್ಲಿ ‘ತಟ್ಟೆ’ ಎಂದು ಕರೆಯುವ ಚಿಕ್ಕ ಗುಂಪುಗಳಲ್ಲಿ ಕೂತು ಅಭ್ಯಾಸವಾದವರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ಜೊತೆಯವರಿಂದ ಕಲಿಯುವುದಕ್ಕೆಂದೇ ಜಾಗವಿದೆ. 4ನೇ ತರಗತಿಗೆ ಬಂದ ಕೂಡಲೇ ಸಾಲಾಗಿ ಕೂರುವುದು, ವಿಷಯಕ್ಕೊಬ್ಬರು ಟೀಚರ್. ಒಂದೇ ಗುಂಪು ನಡೆಸುವಷ್ಟು ಮಾತ್ರ ಸಮಯವಿದ್ದರೆ ಜೂನ್‌–ಜುಲೈನಲ್ಲಿ 4ನೇ ತರಗತಿಯಿಂದಲೇ ಶುರುಮಾಡಿ.

ಹೊತ್ತು ಮತ್ತು ಜಾಗ

ವಾರಕ್ಕೊಮ್ಮೆ ಒಂದು ಪೀರಿಯಡ್. ಅದು ಪಿ.ಟಿ. ಪೀರಿಯಡ್ ಆಗಿರಬಾರದು: ಆಟ ಕಿತ್ತುಕೊಂಡು ‘ಮನಸ್ಸು ಹಗುರ ಮಾಡ್ತೀವಿ’ ಎಂದರೆ ಯಾವ ಮಗುವೂ ನಂಬುವುದಿಲ್ಲ. ಬಿಸಿಯೂಟಕ್ಕೆ ಮುಂಚಿನದ್ದೂ ಬೇಡ, ಹಸಿದ ಹೊಟ್ಟೆಗೆ ಸಹನೆ ಕಡಿಮೆ. ಬೆಳಗ್ಗೆ ಹಾಲು ಕುಡಿದಾದ ನಂತರದ ಪೀರಿಯಡ್ ಒಳ್ಳೆಯದು. ಶನಿವಾರ ಅರ್ಧ ದಿನ. ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ಹಿಡಿದುಕೊಳ್ಳಿ.

ಕೊಠಡಿಯಲ್ಲಿ ಆಚೀಚೆ ಜನ ಓಡಾಡಬಾರದು. ಆದರೆ ಬಾಗಿಲು ಮುಚ್ಚಬೇಡಿ, ಹೊರಗಿನವರಿಗೆ ಕಾಣುವಂತಿರಲಿ. ಇದು ಮಕ್ಕಳ ಸುರಕ್ಷತೆಗೂ ದೊಡ್ಡವರ ಸುರಕ್ಷತೆಗೂ ಬೇಕು. ಇಬ್ಬರು ದೊಡ್ಡವರಿರಲಿ: ಒಬ್ಬರು ನಡೆಸುವವರು, ಇನ್ನೊಬ್ಬರು ಅಂಚಿನಲ್ಲಿ ಕೂತು ನೋಡುವವರು. ಮಗು ಅಳುತ್ತಾ ಎದ್ದು ಹೋದರೆ ಎರಡನೆಯವರು ಅದರ ಜೊತೆ ಹೋಗುತ್ತಾರೆ, ಗುಂಪು ನಿಲ್ಲುವುದಿಲ್ಲ.

ಸಾಮಾನು ಹೆಚ್ಚೇನಿಲ್ಲ. ಒಂದು ಜಮಖಾನ. ಮಾತಿನ ಸರದಿಗೆ ಕೈಯಿಂದ ಕೈಗೆ ದಾಟುವ ಚನ್ನಪಟ್ಟಣದ ಮರದ ಗೊಂಬೆ – ಬುಗುರಿ ಬೇಡ, ಎಲ್ಲರೂ ಆಡಿಸುತ್ತಾ ಕೂರುತ್ತಾರೆ. ಉರುಳದ, ಅಂಗೈ ತುಂಬುವ ಗೊಂಬೆ ಇರಲಿ. ಹಳೆಯ ಕಾಲುಚೀಲದಲ್ಲಿ 250 ಗ್ರಾಂ ರಾಗಿ ತುಂಬಿ ಬಾಯಿ ಹೊಲಿದ ಎರಡು ಚೀಲ. ಕೈ ಸುಮ್ಮನಿರದ ಮಗುವಿಗೆ ತೊಡೆಯ ಮೇಲಿಟ್ಟುಕೊಂಡು ಹಿಸುಕಲು. ಕ್ರೇಯಾನ್, ಹಳೆ ಪೇಪರ್. ಕೊನೆಗೆ ಒಂದು ಗಾಜಿನ ಬಾಟಲಿ, ಅದರಲ್ಲಿ 12 ಹುಣಸೆ ಬೀಜ. ಪ್ರತಿ ವಾರ ಒಂದು ಮಗು ಒಂದು ಬೀಜ ಹೊರತೆಗೆಯುತ್ತದೆ, ಇನ್ನೆಷ್ಟು ವಾರ ಉಳಿದಿದೆ ಎಂದು ಕಣ್ಣಿಗೇ ಕಾಣುತ್ತದೆ.

ಮನೆಯವರಿಗೆ ಹೇಳುವುದು

ಚೀಟಿ ಕಳಿಸಿ ಸಹಿ ಹಾಕಿಸಿದರೆ ಸಾಲದು. ಗಾರ್ಮೆಂಟ್ಸ್‌ಗೋ ಮನೆಕೆಲಸಕ್ಕೋ ಹೋಗುವ ತಾಯಿ ಹಗಲು ಶಾಲೆಗೆ ಬರಲಾರರು. ಸಂಜೆ ಫೋನ್ ಮಾಡಿ, ಇಲ್ಲವೇ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳಿಸಿ. ಮೊದಲ ವಾಕ್ಯದಲ್ಲೇ ಭಯ ಬಿಡಿಸಿ: “ನಿಮ್ಮ ಮಗಳು ಏನೂ ತಪ್ಪು ಮಾಡಿಲ್ಲ ಅಮ್ಮ. ವಾರಕ್ಕೊಂದು ಪೀರಿಯಡ್ ಆರು ಮಕ್ಕಳನ್ನ ಕೂರಿಸಿ ಆಟ, ಮಾತು ಮಾಡಿಸ್ತೀವಿ. ಅವಳೂ ಇರಲಿ ಅಂತ ಕೇಳ್ತಿದ್ದೀವಿ.” ‘ಕೌನ್ಸೆಲಿಂಗ್’ ಎಂಬ ಪದ ಬಳಸಿದರೆ ಎಷ್ಟೋ ಮನೆಗಳಲ್ಲಿ ‘ನಮ್ಮ ಮಗುಗೆ ತಲೆ ಸರಿ ಇಲ್ವಾ?’ ಎಂಬ ಪ್ರಶ್ನೆ ಏಳುತ್ತದೆ. ಅಷ್ಟಕ್ಕೂ ಇದು ಕೌನ್ಸೆಲಿಂಗ್ ಅಲ್ಲ. ಹಾಗೆಯೇ ಗುಂಪಿಗೆ ಹೆಸರಿಡುವುದನ್ನು ಮಕ್ಕಳಿಗೇ ಬಿಡಿ. ‘ವಿಶೇಷ ಗುಂಪು’ ಎಂದು ನೀವು ಇಟ್ಟರೆ ಅದು ಬೈಗುಳವಾಗಲು ಎರಡು ದಿನ ಸಾಕು.

ಒಂದು ಪೀರಿಯಡ್ ಹೇಗೆ ಸಾಗಬೇಕು

ಕ್ರಮ ಪ್ರತಿ ವಾರವೂ ಒಂದೇ. ಮೊದಲ ಐದು ನಿಮಿಷ ‘ಒಳಗಿನ ಹವೆ’. ಬೆಳಗ್ಗೆ ಬಿಸಿಲು, ಸಂಜೆ ಮಳೆ ನೋಡಿ ಬೆಳೆದ ಬೆಂಗಳೂರಿನ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. ಗೊಂಬೆ ಹಿಡಿದವರು ‘ಬಿಸಿಲು’, ‘ಮೋಡ’, ‘ತುಂತುರು’, ‘ಗುಡುಗು’ – ಒಂದು ಪದ ಹೇಳಿ ದಾಟಿಸುತ್ತಾರೆ. ಯಾಕೆ ಎಂದು ಕೇಳುವಂತಿಲ್ಲ. ‘ಪಾಸ್’ ಎನ್ನಲು ಎಲ್ಲರಿಗೂ ಹಕ್ಕಿದೆ. ಏಳು ವಾರ ಪಾಸ್ ಎಂದ ಮಗು ಎಂಟನೆಯ ವಾರ ‘ಮೋಡ’ ಎಂದರೆ ಚಪ್ಪಾಳೆ ತಟ್ಟಿ ಮುಜುಗರ ಮಾಡಬೇಡಿ, ತಲೆಯಾಡಿಸಿ ಮುಂದೆ ಹೋಗಿ.

ಆಮೇಲೆ ಹತ್ತು ನಿಮಿಷ ಮೈ ಅಲುಗುವ ಆಟ, ಹದಿನೇಳು-ಹದಿನೆಂಟು ನಿಮಿಷ ಆ ವಾರದ ಮುಖ್ಯ ಕೆಲಸ, ಉಳಿದದ್ದು ಮುಗಿಸುವುದಕ್ಕೆ. ಮುಗಿಸುವ ಹೊತ್ತನ್ನು ಎಂದೂ ಕತ್ತರಿಸಬೇಡಿ. ಮನಸ್ಸು ಕಲಕಿದ ಮಗುವನ್ನು ಗಂಟೆ ಹೊಡೆಯಿತೆಂದು ಹಾಗೇ ಗಣಿತದ ಪೀರಿಯಡ್ಡಿಗೆ ಕಳಿಸಿದರೆ ಅದರ ಫಲ ಗಣಿತದ ಟೀಚರಿಗೆ ಸಿಗುತ್ತದೆ, ಮುಂದಿನ ವಾರ ಅವರು ಮಗುವನ್ನು ಕಳಿಸಲು ಒಪ್ಪುವುದಿಲ್ಲ. ಮುಗಿಸಲು ‘ಬಿಸಿ ಹಾಲಿನ ಲೋಟ’ ಸಾಕು: ಎರಡೂ ಅಂಗೈ ಸೇರಿಸಿ ಲೋಟ ಮಾಡಿ, ಮೂರು ಎಣಿಸುವಷ್ಟು ಹೊತ್ತು ವಾಸನೆ ಎಳೆದುಕೊಂಡು, ಐದು ಎಣಿಸುವಷ್ಟು ಹೊತ್ತು ಮೆಲ್ಲಗೆ ಊದಿ ಆರಿಸುವುದು. ಐದು ಸಲ. ಇದನ್ನು ಮಕ್ಕಳು ಸಮಾಧಾನವಾಗಿರುವಾಗ ವಾರವಾರವೂ ಮಾಡಿಸಿದರೆ ಮಾತ್ರ ಸಿಟ್ಟು ಬಂದಾಗ ಕೈಗೆ ಸಿಗುತ್ತದೆ; ಕಿರುಚಾಡುತ್ತಿರುವ ಮಗುವಿಗೆ ಅದೇ ಮೊದಲ ಸಲ ಹೇಳಿಕೊಡಲು ಹೋದರೆ ಇನ್ನಷ್ಟು ಕೆರಳುತ್ತದೆ.

ಮೊದಲ ವಾರ ನಿಯಮಗಳನ್ನು ಮಕ್ಕಳಿಂದಲೇ ಹೇಳಿಸಿ, ಮೂರಕ್ಕೆ ನಿಲ್ಲಿಸಿ. ಅವರು ‘ಹೊಡೀಬಾರದು, ಬೈಬಾರದು, ಕೂಗಬಾರದು’ ಎಂದೇ ಪಟ್ಟಿ ಮಾಡುತ್ತಾರೆ. “ಹೊಡೆಯೋ ಬದಲು ಕೈ ಏನು ಮಾಡಬೇಕು?” ಎಂದು ಕೇಳಿ, ಮಾಡಬೇಕಾದದ್ದನ್ನು ಬರೆಯಿರಿ. ನಾಲ್ಕನೆಯದೊಂದನ್ನು ಮಾತ್ರ ನೀವೇ ಸೇರಿಸಿ: ಇಲ್ಲಿ ಹೇಳಿದ್ದನ್ನು ಹೊರಗೆ ಆಡಿಕೊಳ್ಳುವಂತಿಲ್ಲ, ಆದರೆ ಯಾರಿಗಾದರೂ ಅಪಾಯವಿದ್ದರೆ ದೊಡ್ಡವರಿಗೆ ಹೇಳಿಯೇ ಹೇಳುತ್ತೇವೆ.

ಆಟದಲ್ಲಿ ಯಾರನ್ನೂ ‘ಔಟ್’ ಮಾಡಬೇಡಿ. ಕುರ್ಚಿ ಆಟದಲ್ಲಿ ಮೊದಲು ಔಟಾಗುವುದು ಸಾಮಾನ್ಯವಾಗಿ ಹೊರಗುಳಿದು ರೂಢಿಯಾದ ಮಗುವೇ. ಬದಲಿಗೆ ಎರಡು ಪೇಪರ್ ಹಾಳೆ ಹಾಸಿ. ಹಾಡು ನಿಂತಾಗ ಆರೂ ಜನ ಅದರೊಳಗೆ ನಿಲ್ಲಬೇಕು. ಪ್ರತಿ ಸುತ್ತಿಗೂ ಹಾಳೆ ಅರ್ಧ ಮಡಿಸುತ್ತಾ ಹೋಗಿ. ಯಾರ ಕೈ ಯಾರು ಹಿಡಿಯಬೇಕು ಎಂದು ಕೇಳಿಕೊಂಡೇ ಹಿಡಿಯಲಿ. ಮುಟ್ಟಿಸಿಕೊಳ್ಳಲು ಇಷ್ಟವಿಲ್ಲದ ಮಗುವಿಗೆ ಹಾಳೆ ಮಡಿಸುವ ಕೆಲಸ ಕೊಡಿ. ಲಗೋರಿಯನ್ನೂ ಬದಲಿಸಬಹುದು: ಏಳು ಕಲ್ಲು, ಆರು ಮಕ್ಕಳು, ಒಬ್ಬರಿಗೆ ಒಂದೇ ಕಲ್ಲು, ಏಳನೆಯದನ್ನು ಯಾರು ಇಡಬೇಕೆಂದು ಎಲ್ಲರೂ ಸೇರಿ ತೀರ್ಮಾನಿಸಬೇಕು. ಕಲ್ಲು ಜೋಡಿಸುವುದಕ್ಕಿಂತ ಈ ತೀರ್ಮಾನಕ್ಕೇ ಹೆಚ್ಚು ಹೊತ್ತು ಬೇಕಾದರೆ ಗಾಬರಿಯಾಗಬೇಡಿ, ಕೆಲಸ ನಡೆಯುತ್ತಿದೆ.

‘ಬೇಜಾರು’ ಬಿಡಿಸುವುದು

ಕನ್ನಡ ಮಕ್ಕಳ ಬಾಯಲ್ಲಿ ‘ಬೇಜಾರು’ ಎಂಬುದು ಇಡೀ ಮನೆಯ ಬಟ್ಟೆ ತುಂಬಿದ ಗಂಟಿನಂತೆ. ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು, ಗೆಳತಿ ಬೇರೆಯವರ ಜೊತೆ ಹೋದರೂ ಬೇಜಾರು, ಅಪ್ಪ ಮನೆಗೆ ಬರದಿದ್ದರೂ ಬೇಜಾರು. ಗಂಟು ಬಿಚ್ಚದೆ ಯಾವುದನ್ನೂ ಒಗೆಯಲಾಗದು. 3ರಿಂದ 6ನೇ ವಾರದವರೆಗೆ ವಾರಕ್ಕೆ ಎರಡೇ ಪದ ತೆಗೆದುಕೊಳ್ಳಿ: ದುಃಖ ಮತ್ತು ಸಿಟ್ಟು, ದಿಗಿಲು ಮತ್ತು ನಾಚಿಕೆ, ಹೊಟ್ಟೆಕಿಚ್ಚು ಮತ್ತು ಅವಮಾನ, ಕೊನೆಗೆ ಒಂಟಿತನ ಮತ್ತು ಸುಸ್ತು. ಸುಸ್ತನ್ನು ಬಿಡಬೇಡಿ. ರಾತ್ರಿ ಒಂದೇ ಕೋಣೆಯಲ್ಲಿ ಟಿ.ವಿ. ನಿಲ್ಲುವವರೆಗೆ ನಿದ್ದೆಯಿಲ್ಲದ ಮಗು ಅದನ್ನು ಸಿಟ್ಟೆಂದೇ ತಿಳಿದಿರುತ್ತದೆ.

ಪದವನ್ನು ಮೈಯಿಂದ ಶುರುಮಾಡಿ, ಮುಖದ ಚಿತ್ರದಿಂದಲ್ಲ. ಪೇಪರ್ ಹಾಳೆಗಳನ್ನು ಅಂಟಿಸಿ ಒಂದು ಮಗುವಿನ ಅಳತೆಯ ಆಕಾರ ಬರೆಯಿರಿ. “ದಿಗಿಲಾದಾಗ ಎಲ್ಲಿ ಏನಾಗುತ್ತೆ?” ಎಂದು ಕೇಳಿ, ಆ ಜಾಗಕ್ಕೆ ಬಣ್ಣ ಹಚ್ಚಿಸಿ. ಎದೆ ಢವಢವ, ಗಂಟಲು ಕಟ್ಟೋದು, ಹೊಟ್ಟೆ ತೊಳಸೋದು, ಕಿವಿ ಬಿಸಿಯಾಗೋದು – ಇವೆಲ್ಲ ಅವರ ಬಾಯಿಂದಲೇ ಬರಲಿ. ಟೆಸ್ಟ್ ಇರುವ ದಿನವೆಲ್ಲ ಹೊಟ್ಟೆನೋವೆನ್ನುವ ಮಗು ನಾಟಕ ಮಾಡುತ್ತಿಲ್ಲ, ಅದಕ್ಕೆ ನಿಜಕ್ಕೂ ನೋಯುತ್ತದೆ. ದಿಗಿಲು ಹೊಟ್ಟೆಯಲ್ಲೂ ಕೂರುತ್ತದೆಂದು ಆ ಹಾಳೆಯ ಮೇಲೆ ಕಂಡಾಗ ಅದಕ್ಕೊಂದು ಹೆಸರು ಸಿಗುತ್ತದೆ. (ಆದರೂ ವೈದ್ಯರಿಗೆ ಒಮ್ಮೆ ತೋರಿಸಲು ಮನೆಯವರಿಗೆ ಹೇಳಿ, ಎಲ್ಲ ಹೊಟ್ಟೆನೋವೂ ಮನಸ್ಸಿನದಲ್ಲ.)

ಮುಂದೆ ಯಾರಾದರೂ “ಬೇಜಾರು ಮಿಸ್” ಎಂದರೆ “ಯಾಕೆ?” ಎನ್ನಬೇಡಿ, ಆ ಪ್ರಶ್ನೆ ಮಗುವಿಗೆ ವಿಚಾರಣೆಯಂತೆ ಕೇಳಿಸುತ್ತದೆ. “ಯಾವ ಬೇಜಾರು?” ಎನ್ನಿ. ಎಂಟು ಪದಗಳ ಎಂಟು ಚೀಟಿ ಮುಂದಿಡಿ, ಮಗು ಎತ್ತಿಕೊಳ್ಳಲಿ. ಎಷ್ಟು ಎಂದು ಬೆರಳಲ್ಲಿ ತೋರಿಸಲಿ, ಒಂದರಿಂದ ಐದು. ಕಾರಣ ಹೇಳುವುದು ಬಿಡುವುದು ಅದಕ್ಕೇ ಬಿಟ್ಟದ್ದು.

ಭಾಷೆಯ ಬಗ್ಗೆ ವಿಶೇಷ ಎಚ್ಚರ ಬೇಕು. ಒಂದೇ ಜಮಖಾನದ ಮೇಲೆ ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮಕ್ಕಳು, ಕಟ್ಟಡ ಕೆಲಸಕ್ಕೆ ಬಂದ ರಾಯಚೂರು, ಯಾದಗಿರಿ ಕಡೆಯ ಮಕ್ಕಳು ಕೂತಿರುತ್ತಾರೆ. ಪ್ರತಿ ಪದವನ್ನೂ “ನಿಮ್ಮನೇಲಿ ಇದಕ್ಕೆ ಏನಂತಾರೆ?” ಎಂದು ಕೇಳಿ ಚೀಟಿಯ ಹಿಂದೆ ಕನ್ನಡ ಅಕ್ಷರದಲ್ಲೇ ಬರೆಯಿರಿ – ಸಿಟ್ಟು, ಕೋಪಂ, ಗುಸ್ಸಾ. “ಬ್ಯಾಸರ ಆಗೈತಿ” ಎಂದ ಮಗುವನ್ನು ಕಂಡು ಇನ್ನೊಬ್ಬರು ನಕ್ಕರೆ ಅಲ್ಲೇ ನಿಲ್ಲಿಸಿ, ‘ಬ್ಯಾಸರ’ವನ್ನೂ ಚೀಟಿಗೆ ಸೇರಿಸಿ, ಮುಂದಿನ ಸರದಿಯಲ್ಲಿ ನೀವೇ ಆ ಪದ ಬಳಸಿ. ಹೊಸ ಊರಿನಲ್ಲಿ ಮಾತಿನ ಧಾಟಿಗೆ ನಗು ಎದುರಿಸಿದ ಮಗು ಬಾಯಿ ಮುಚ್ಚಿಕೊಳ್ಳುತ್ತದೆ, ಆಮೇಲೆ ‘ಆ ಮಗು ಮಾತೇ ಆಡಲ್ಲ’ ಎಂಬ ಮಾತು ಹುಟ್ಟುತ್ತದೆ.

ಕೋಸಂಬರಿಯ ವಾರ

7ನೇ ವಾರಕ್ಕೆ ಇದನ್ನಿಡಿ. ಇದರ ಹಿಂದಿನ ಉಪಾಯ 1971ರದ್ದು. ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್‌ನಲ್ಲಿ ಬಿಳಿಯ, ಕರಿಯ, ಮೆಕ್ಸಿಕನ್ ಮೂಲದ ಮಕ್ಕಳು ಹೊಸದಾಗಿ ಒಂದೇ ತರಗತಿಗೆ ಬಂದು ಜಗಳ ಹೆಚ್ಚಿದಾಗ ಮನಶ್ಶಾಸ್ತ್ರಜ್ಞ ಎಲಿಯಟ್ ಅರೊನ್ಸನ್ ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಉಳಿದವರ ಮಾತು ಕೇಳದೆ ಯಾರಿಗೂ ಪಾಠ ಪೂರ್ತಿಯಾಗದು. ಪಾಠದ ಬದಲು ನಾವು ಕೋಸಂಬರಿ ತುಂಡು ಮಾಡೋಣ: ಒಲೆ ಬೇಡ, ಎಲ್ಲ ಮನೆಯವರೂ ತಿನ್ನುತ್ತಾರೆ.

ಎಂಟು ಜನಕ್ಕೆ ಹೆಸರುಬೇಳೆ 150 ಗ್ರಾಂ (ತೊಳೆದು ಒಂದು ಗಂಟೆ ಮೊದಲೇ ನೆನೆಹಾಕಿ), ಎಳೆ ಸೌತೆಕಾಯಿ 2, ಕ್ಯಾರೆಟ್ 2, ಅರ್ಧ ಹೋಳು ಕಾಯಿಯ ತುರಿ, ನಿಂಬೆಹಣ್ಣು 1, ಕೊತ್ತಂಬರಿ ಸೊಪ್ಪು ಒಂದು ಹಿಡಿ, ಉಪ್ಪು ಒಂದು ಚಿಕ್ಕ ಚಮಚ. ಒಬ್ಬರಿಗೆ ಬೇಳೆ ಬಸಿಯುವುದು, ಒಬ್ಬರಿಗೆ ಉದ್ದಕ್ಕೆ ಸೀಳಿಟ್ಟ ಸೌತೆಕಾಯಿಯನ್ನು ಪ್ಲಾಸ್ಟಿಕ್ ಚಾಕುವಿನಲ್ಲಿ ಹೆಚ್ಚುವುದು, ಒಬ್ಬರಿಗೆ ಕ್ಯಾರೆಟ್ ತುರಿಯುವುದು (ದೊಡ್ಡವರೊಬ್ಬರು ಪಕ್ಕದಲ್ಲೇ ಕೂರಬೇಕು), ಒಬ್ಬರಿಗೆ ಸೊಪ್ಪು ಬಿಡಿಸುವುದು, ಒಬ್ಬರಿಗೆ ನಿಂಬೆ ಹಿಂಡಿ ಬೀಜ ಆರಿಸುವುದು, ಒಬ್ಬರಿಗೆ ಕಾಯಿತುರಿ, ಉಪ್ಪು ಅಳೆದು ಬೆರೆಸುವುದು. ಪ್ರತಿಯೊಬ್ಬರ ಚೀಟಿಯಲ್ಲಿ ಅವರ ಕೆಲಸ ಮಾತ್ರ. ಉಪ್ಪಿನ ಚೀಟಿಯಲ್ಲಿ ‘ಎಲ್ಲರದೂ ಬಿದ್ದ ಮೇಲೆ’ ಎಂದಿರಲಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಕೋಸಂಬರಿ ಸಾರಾಗುತ್ತದೆ.

ನಿಯಮ ಒಂದೇ: ಇನ್ನೊಬ್ಬರ ಸಾಮಾನು ಮುಟ್ಟುವಂತಿಲ್ಲ, ಬೇಕಾದರೆ ಕೇಳಬೇಕು. ಬೇಸಿನ್ ಒಂದೇ, ತಟ್ಟೆ ಮೂರೇ ಇಡಿ, ಕೊರತೆ ಬೇಕೆಂದೇ. ಜೋರಿನ ಮಗು ಐದನೇ ನಿಮಿಷಕ್ಕೆ ಎಲ್ಲರ ಕೆಲಸ ಕಿತ್ತುಕೊಳ್ಳಲು ನೋಡುತ್ತದೆ. ಆಗ ಬೈಯದೆ ಅದರ ಚೀಟಿಯನ್ನು ಗಟ್ಟಿಯಾಗಿ ಓದಿಸಿ. ಸುಮ್ಮನೆ ಕೂತ ಮಗುವಿಗೆ ಉಪ್ಪು ಮತ್ತು ಬೆರೆಸುವ ಕೆಲಸ ಕೊಟ್ಟಿರಿ: ಕೊನೆಯಲ್ಲಿ ಎಲ್ಲರೂ ಅದರತ್ತ ತಿರುಗಿ “ಈಗ ಹಾಕು” ಎನ್ನಲೇಬೇಕಾಗುತ್ತದೆ. ಬಡಿಸುವಾಗ ತನಗಲ್ಲ, ಎಡಗಡೆಯವರಿಗೆ ಬಡಿಸಬೇಕು. ಯಾರಿಗಾದರೂ ಯಾವುದಾದರೂ ತಿಂದರೆ ಅಲರ್ಜಿಯೇ ಎಂದು ಮನೆಯವರನ್ನು ಮೊದಲೇ ಕೇಳಿ. ಉಪವಾಸದ ದಿನ ಬೇಡ. ಸೌತೆಕಾಯಿ ಚೂರು ದಪ್ಪವಾಗಿದ್ದರೂ ತಿದ್ದಬೇಡಿ.

ಜಗಳವಾದಾಗ

ಜಗಳವಾಗದಿದ್ದರೆ ಗುಂಪು ಇನ್ನೂ ಬೆಚ್ಚಗಾಗಿಲ್ಲ ಎಂದರ್ಥ. ಆದಾಗ ಮೊದಲು ದೂರ ಕೂರಿಸಿ, ರಾಗಿ ಚೀಲ ಕೊಟ್ಟು, ಉಸಿರು ಇಳಿಯುವವರೆಗೆ ಕಾಯಿರಿ – ಹತ್ತು ನಿಮಿಷವಾದರೂ ಸರಿ. “ಯಾರು ಶುರುಮಾಡಿದ್ದು?” ಎಂದು ಕೇಳಿದಿರೋ ವಕೀಲಿಕೆ ಶುರುವಾಗುತ್ತದೆ. ಗೊಂಬೆ ಹಿಡಿದು ಒಬ್ಬರು ಒಂದು ನಿಮಿಷ ಹೇಳಲಿ. ಇನ್ನೊಬ್ಬರು ತಾವು ಕೇಳಿಸಿಕೊಂಡದ್ದನ್ನು ತಿರುಗಿ ಹೇಳಲಿ. ಆಮೇಲೆ ಸರದಿ ಬದಲು. ಕೊನೆಗೆ ಇಬ್ಬರಿಗೂ: “ಈಗ ಏನಾದ್ರೆ ಸರಿಹೋಗುತ್ತೆ?” ಚೆಲ್ಲಿದ ಕ್ರೇಯಾನ್ ಇಬ್ಬರೂ ಸೇರಿ ಎತ್ತಿಟ್ಟರೆ ಸಾಕಾಗಬಹುದು. ಬಲವಂತದ ‘ಸಾರಿ’ ಬೇಡ, ಅದು ಗೆದ್ದವರನ್ನೂ ಸೋತವರನ್ನೂ ಹುಟ್ಟಿಸುತ್ತದೆ. ಬಸ್ಕಿ, ಬಾಗಿಲಾಚೆ ನಿಲ್ಲಿಸುವುದು, ಎಲ್ಲರೆದುರು ಹೀಯಾಳಿಸುವುದು ಯಾವುದೂ ಇಲ್ಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ.

ಆಟಕ್ಕೆ ಸೇರಿಸಿಕೊಳ್ಳದಿರುವುದು ಹೊಡೆತಕ್ಕಿಂತ ಹೆಚ್ಚು ನೋಯಿಸುತ್ತದೆ. ಸೇರುವ ಕಲೆಯನ್ನು ಬಿಡಿಸಿ ಕಲಿಸಿ, ಆಡಿಸಿ ತೋರಿಸಿ. “ನನ್ನೂ ಸೇರಿಸ್ಕೊಳ್ರೋ” ಎಂದರೆ “ಇಲ್ಲ” ಎನ್ನುವುದು ಸುಲಭ. ಅದರ ಬದಲು ಮೊದಲು ಹತ್ತಿರ ನಿಂತು ಆಟ ನೋಡುವುದು, ಆಮೇಲೆ ಆಟದ ಬಗ್ಗೆಯೇ ಒಂದು ಮಾತು, ಆಮೇಲೆ ಒಂದು ಕೆಲಸ ಕೇಳುವುದು: “ಚೆಂಡು ಅಲ್ಲಿ ಬಿತ್ತು, ನಾನು ತರ್ಲಾ?”

ಮಗು ಮನೆಯ ಕಷ್ಟ ಹೇಳಿದರೆ

ಕುಡಿತ, ಹೊಡೆತ, ಕೆಟ್ಟ ಸ್ಪರ್ಶ – ಚೀಟಿ ಎತ್ತುವಾಗ ತಟ್ಟನೆ ಹೊರಬರಬಹುದು. ಗುಂಪಿನೆದುರು ಕೆದಕಬೇಡಿ. “ನೀನು ಹೇಳಿದ್ದು ಒಳ್ಳೇದಾಯ್ತು. ಇದರಲ್ಲಿ ನಿನ್ನ ತಪ್ಪಿಲ್ಲ. ಇದರ ಬಗ್ಗೆ ನಾವಿಬ್ರೇ ಇವತ್ತೇ ಮಾತಾಡೋಣ” ಎಂದು ಹೇಳಿ, ಪೀರಿಯಡ್ ಮುಗಿದ ಕೂಡಲೇ ಮಾತಾಡಿ. ಮಗು ಆಡಿದ ಮಾತನ್ನು ಅದರ ಪದಗಳಲ್ಲೇ ಅದೇ ದಿನ ಬರೆದಿಡಿ. ‘ಯಾರಿಗೂ ಹೇಳಲ್ಲ’ ಎಂಬ ಭಾಷೆ ಕೊಡಬೇಡಿ. ಲೈಂಗಿಕ ದೌರ್ಜನ್ಯದ ಶಂಕೆ ಬಂದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಶೇಷ ಬಾಲ ಪೊಲೀಸ್ ಘಟಕಕ್ಕೋ ಸ್ಥಳೀಯ ಠಾಣೆಗೋ ತಿಳಿಸಲೇಬೇಕು. ಶಾಲೆಯ ಮರ್ಯಾದೆಗೆಂದು ಮುಚ್ಚಿಡುವುದು ಅಪರಾಧ. ಮಕ್ಕಳ ಸಹಾಯವಾಣಿ 1098.

ಊಟ-ನಿದ್ದೆ ಕೆಟ್ಟು, ಶಾಲೆಗೆ ಬರಲೊಲ್ಲದೆ, ಮೊದಲು ಇಷ್ಟಪಟ್ಟ ಆಟವನ್ನೂ ಬಿಟ್ಟು ಎರಡು ವಾರ ಕಳೆದರೆ ಗುಂಪು ಸಾಲದು. ಸಾಯುವ ಮಾತಾಡಿದರೆ, ತನಗೆ ತಾನೇ ಗಾಯ ಮಾಡಿಕೊಂಡರೆ ಒಂದು ದಿನವೂ ಕಾಯಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ವಾರಗಳು

ಬಾಟಲಿಯಲ್ಲಿ ಮೂರು ಹುಣಸೆ ಬೀಜ ಉಳಿದಾಗಿನಿಂದಲೇ ಮುಗಿಯುವ ಮಾತು ಆಡಿ. ಆಗ ಕೆಲವು ಮಕ್ಕಳು ಮತ್ತೆ ಹಠಕ್ಕೆ ಬೀಳುತ್ತಾರೆ, ಬಿಟ್ಟುಹೋಗುವವರನ್ನು ತಾವೇ ಮೊದಲು ಬಿಡುತ್ತಾರೆ, ಅದು ಸೋಲಲ್ಲ. ಕಟ್ಟಡದ ಕೆಲಸ ಮುಗಿದು ಒಂದು ಮಗು ನಡುವೆಯೇ ಊರಿಗೆ ಹೊರಟುಹೋದರೆ ಆ ವಾರ ಅದರ ಜಾಗ ಖಾಲಿ ಬಿಟ್ಟು, ಇದ್ದದ್ದನ್ನು ಇದ್ದಂತೆ ಹೇಳಿ, ಉಳಿದವರು ಏನು ಹೇಳಬೇಕೆನ್ನುತ್ತಾರೋ ಹೇಳಲಿ. ಮೂರನೇ ವಾರದ ನಂತರ ಹೊಸ ಮಗುವನ್ನು ಸೇರಿಸಬೇಡಿ.

12ನೇ ವಾರ ಬಹುಮಾನ, ನಕ್ಷತ್ರ ಬೇಡ. ಒಬ್ಬೊಬ್ಬರಿಗೂ ಒಂದು ಕಾರ್ಡು. ಅದರಲ್ಲಿ ಉಳಿದ ಐವರದ್ದು ಒಂದೊಂದು ವಾಕ್ಯ: ‘ನೀನು ____ ಮಾಡಿದಾಗ ನನಗೆ ಖುಷಿಯಾಯ್ತು.’ ಬರೆಯಲು ಬಾರದವರು ಹೇಳಲಿ, ನೀವು ಬರೆದುಕೊಡಿ. ‘ನೀನು ಒಳ್ಳೆಯವನು’ ಎಂಬಂಥ ಮಾತು ಬಂದರೆ “ಅವನು ಏನು ಮಾಡಿದಾಗ?” ಎಂದು ಕೇಳಿ, ಖಂಡಿತ ನೆನಪಾಗುತ್ತದೆ. ಕಾರ್ಡಿನ ಹಿಂದೆ ಒಂದು ತಿಂಗಳ ನಂತರದ ಒಂದು ತಾರೀಖು ಬರೆಯಿರಿ: ಅಂದು ಹದಿನೈದು ನಿಮಿಷ, ಅದೇ ಜಮಖಾನ, ಅದೇ ಗೊಂಬೆ, ಒಂದು ಸುತ್ತು ಒಳಗಿನ ಹವೆ. ಅಂದು ಏನೇ ಮೀಟಿಂಗ್ ಇದ್ದರೂ ನೀವು ಅಲ್ಲಿರಬೇಕು.